ಹಾರುವವನು ಬಿದ್ದರೆ

ನನ್ನದೊಂದು ಗುಟ್ಟನ್ನು ಮೊದಲೇ ಹೇಳಿಬಿಡುತ್ತೇನೆ. ನಡುವೆ ನೀವಾಗಿ ಕಂಡುಹಿಡಿದು ನಕ್ಕರೆ ನನಗೆ ಮುಂದೆ ಹೇಳುವ ಉತ್ಸಾಹ ಉಳಿಯುವುದಿಲ್ಲ. ನಾನು ಕಾಮಿಕ್ಸ್ ಓದುತ್ತೇನೆ. ಮೂವತ್ತು ದಾಟಿದೆ, ಸರ್ಕಾರಿ ಕೆಲಸದಲ್ಲಿದ್ದೇನೆ, ಮದುವೆಯಾಗಿದೆ, ಆದರೂ ಓದುತ್ತೇನೆ. ಇಷ್ಟೇ ಆಗಿದ್ದರೆ ಗುಟ್ಟು ಎನ್ನುತ್ತಿರಲಿಲ್ಲ. ಬೇರೆಯವರು ಅದನ್ನು ಓದುವುದು ಧೈರ್ಯ ತಂದುಕೊಳ್ಳುವುದಕ್ಕಂತೆ. ನಾನು ಓದುವುದು ಹೆದರಿಕೊಳ್ಳುವುದಕ್ಕೆ. ಮೇಲಂಗಿ ಹಾರಿಸುತ್ತ ಆಕಾಶಕ್ಕೆ ನೆಗೆಯುವ ವೀರನನ್ನು ಕಂಡ ಕೂಡಲೇ ಓದುವವರೆಲ್ಲ ಅವನ ಜೊತೆ ಹಾರುತ್ತಾರಂತೆ. ನಾನು ಮಾತ್ರ ಕೆಳಗೆ ನಿಂತು, ಇವನು ಬಿದ್ದರೆ ಏನು ಗತಿ ಎಂದು ಎರಡೂ ಕೈ ಚಾಚಿಕೊಂಡಿರುತ್ತೇನೆ.

ನನ್ನ ಕೆಲಸದ ವಿಚಾರ ಹೇಳಿದರೆ ಈ ಸ್ವಭಾವ ಇನ್ನೂ ವಿಚಿತ್ರವಾಗಿ ಕಾಣುತ್ತದೆ. ಹೊಳಲ್ಕೆರೆಯ ದನದ ಆಸ್ಪತ್ರೆಯಲ್ಲಿ ನಾನು ಸ್ಟಾಕ್‌ಮನ್. ಊರೂರು ತಿರುಗಿ ಕುರಿಗಳಿಗೆ ಸೂಜಿಮದ್ದು ಹಾಕುವವನು. ಕುರಿ ಇದ್ದ ಕಡೆ ನಾಯಿ ಇರುತ್ತದೆ, ಟಗರು ಇರುತ್ತದೆ, ಮುಳ್ಳುಬೇಲಿ ಇರುತ್ತದೆ, ಹೋಗಿ ಬರುವ ದಾರಿಯಲ್ಲಿ ಇನ್ನೊಂದು ಬಸ್ಸನ್ನು ಹಿಂದೆ ಹಾಕಲು ಹಟ ಹಿಡಿದ ಡ್ರೈವರ್ ಇರುತ್ತಾನೆ. ಇವೆಲ್ಲಕ್ಕೂ ನಾನು ಹೆದರುತ್ತೇನೆ. ದುರ್ಗದ ಕೋಟೆಗೆ ಶಾಲೆಯಿಂದ ಕರೆದುಕೊಂಡು ಹೋದಾಗ ಎಲ್ಲರೂ ಮೇಲಿನ ಬುರುಜಿನಿಂದ ಊರು ನೋಡಿದರು, ನಾನು ಮೂರನೆಯ ಬಾಗಿಲ ಹತ್ತಿರ ಎಲ್ಲರ ಚಪ್ಪಲಿ ಕಾಯುತ್ತ ಕುಳಿತಿದ್ದೆ. ಚಪ್ಪಲಿ ಬಿಟ್ಟು ಹೋಗಬೇಕೆಂದು ಯಾರೂ ಹೇಳಿರಲಿಲ್ಲ. ಬಂಡೆ ಜಾರುತ್ತದೆ ಎಂದು ಹೇಳಿ ನಾನೇ ಬಿಡಿಸಿದ್ದೆ.

ಈ ಹುಚ್ಚು ಹತ್ತಿದ್ದು ಹತ್ತನೆಯ ವಯಸ್ಸಿನಲ್ಲಿ. ನಮ್ಮ ಮನೆಯ ಹೊರಕೋಣೆಯಲ್ಲಿ ಬಾಡಿಗೆಗೆ ಒಬ್ಬ ರೈಲ್ವೆ ಗಾರ್ಡ್ ಇದ್ದರು. ಅವರಿಗೆ ವರ್ಗವಾಗಿ ಹೋಗುವಾಗ ಒಂದು ಕಟ್ಟು ಇಂಗ್ಲಿಷ್ ಕಾಮಿಕ್ಸ್ ಬಿಟ್ಟುಹೋದರು. ನನಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಚಿತ್ರಗಳಲ್ಲಿ ಒಬ್ಬ ಗಡಿಯಾರ ರಿಪೇರಿ ಮಾಡುತ್ತಿದ್ದ, ಎಲ್ಲಿಂದಲೋ ಕೂಗು ಕೇಳಿಸಿದರೆ ಕನ್ನಡಕ ತೆಗೆದಿಟ್ಟು ಕೆಂಪು ಮೇಲಂಗಿ ಹೊದ್ದು ಹಾರುತ್ತಿದ್ದ. ಅವನ ಎದೆಯ ಮೇಲೆ ಹಳದಿ ವೃತ್ತ, ವೃತ್ತಕ್ಕೆ ಅಡ್ಡವಾಗಿ ಒಂದು ಗೀಟು. ಹೆಸರು ಓದಲು ಬಾರದ್ದರಿಂದ ನಾನೇ ಅವನಿಗೆ ಗಗನರಾಯ ಎಂದು ಹೆಸರಿಟ್ಟೆ. ಅವನ ಬಾಯಿಯ ಹತ್ತಿರದ ಗುಳ್ಳೆಯೊಳಗಿನ ಮಾತನ್ನೂ ನಾನೇ ತುಂಬಿದೆ. ನನ್ನ ಗಗನರಾಯ ನೆಗೆಯುವ ಮುಂಚೆ ಪ್ರತಿ ಸಲವೂ "ಅಯ್ಯೋ, ಇವತ್ತು ಏನಾಗುತ್ತದೋ" ಎನ್ನುತ್ತಿದ್ದ. ಇಂಗ್ಲಿಷ್ ಕಲಿತ ಮೇಲೆ ನೋಡಿದರೆ ಅವನು ಅಲ್ಲಿ ಹೇಳುತ್ತಿದ್ದದ್ದು ಬಹಳ ಗಂಡಸುತನದ ಮಾತು. ನನಗೆ ಅದು ಹಿಡಿಸಲಿಲ್ಲ. ಇವತ್ತಿಗೂ ನಾನು ನನ್ನ ಮಾತನ್ನೇ ಓದುತ್ತೇನೆ.

ಮೂವತ್ತೆರಡನೆಯ ಪುಟದಲ್ಲಿ ಅವನು ಬದುಕಿಯೇ ಬದುಕುತ್ತಾನೆಂದು ಗೊತ್ತಿದ್ದೂ ಹದಿನೆಂಟನೆಯ ಪುಟದಲ್ಲಿ ಅವನು ಬೀಳತೊಡಗಿದಾಗ ಎದೆ ಹೊಡೆದುಕೊಳ್ಳುವುದು ಯಾಕೆ? ಇದನ್ನು ನಾನು ಬಸ್ಸಿನ ಕಿಟಕಿಯ ಪಕ್ಕ ಕುಳಿತು ಬಹಳ ಯೋಚಿಸಿದ್ದೇನೆ. ನಮ್ಮ ಹಳೆಯ ಲಾಕ್ಷಣಿಕರು ಭಯವನ್ನೂ ರಸದ ಪಂಕ್ತಿಯಲ್ಲಿ ಕೂರಿಸಿ ಎಲೆ ಹಾಕಿದ್ದಾರೆ. ದೂರ ಕುಳಿತು ನೋಡುವವನಿಗೆ ಹೆದರಿಕೆಯೂ ರುಚಿಯಾಗುತ್ತದೆ ಎಂಬುದು ಅವರ ಮತ. ದೊಡ್ಡವರ ಮಾತು, ತಪ್ಪೆನ್ನಲಾರೆ. ಆದರೆ ಅವರು ಆ ಲಕ್ಷಣ ಬರೆಯುವಾಗ ಪಕ್ಕದಲ್ಲಿ ಕಟ್ಟಿಹಾಕದ ಕುರಿನಾಯಿ ಇರಲಿಲ್ಲ ಎಂಬುದು ನನ್ನ ಗುಮಾನಿ. ನನ್ನ ಅನುಭವದಲ್ಲಿ ಪುಸ್ತಕದ ಹೆದರಿಕೆ ಬೇರೆ ಹೆದರಿಕೆಗಳನ್ನು ಒರೆಸುವ ಬಟ್ಟೆ. ಗಗನರಾಯನ ಸಲುವಾಗಿ ಮೂವತ್ತೆರಡು ಪುಟ ಹೆದರಿದರೆ ನನ್ನ ಸಲುವಾಗಿ ಹೆದರಲು ಅಷ್ಟು ಹೊತ್ತು ಬಿಡುವು ಸಿಕ್ಕುವುದಿಲ್ಲ. ಅದಕ್ಕೇ ಕುರಿಗಳ ರೋಗದ ರಿಜಿಸ್ಟರಿನೊಳಗೆ ಒಂದು ಕಾಮಿಕ್ಸ್ ಇಟ್ಟುಕೊಂಡೇ ನಾನು ಹಳ್ಳಿಗಳಿಗೆ ಹೋಗುವುದು.

ಹೀಗೆ ಸುಖವಾಗಿ ಹೆದರಿಕೊಂಡಿದ್ದವನಿಗೆ ಹೊಸದೊಂದು ಭಯ ಶುರುವಾದದ್ದು ಸಿನಿಮಾದವರಿಂದ. ಕಾಗದದ ಮೇಲಿದ್ದ ವೀರರನ್ನೆಲ್ಲ ಒಬ್ಬೊಬ್ಬರನ್ನಾಗಿ ಪರದೆಗೆ ಹತ್ತಿಸತೊಡಗಿದರು. ಮೊದಲು ಹೊಸದುರ್ಗದ ಟೆಂಟ್ ಸಿನಿಮಾಕ್ಕೆ ಒಬ್ಬ ಮುಖವಾಡದವನು ಬಂದ. ನಾನು ಬೆಂಚಿನ ತುದಿಯಲ್ಲಿ ಕುಳಿತು ನೋಡಿದೆ. ಅವನು ಒಂದು ಮನೆಯಿಂದ ಇನ್ನೊಂದು ಮನೆಯ ಮೇಲಕ್ಕೆ ಜಿಗಿದಾಗ ಸೊಂಟಕ್ಕೆ ಕಟ್ಟಿದ ಹಗ್ಗ ಚೆನ್ನಾಗಿ ಕಂಡಿತು. ನೆಲದಲ್ಲಿ ಕುಳಿತಿದ್ದ ಮಂದಿ "ಹಗ್ಗ, ಹಗ್ಗ" ಎಂದು ಕೂಗಿ ಸಿಳ್ಳೆ ಹಾಕಿದರು. ತುಂಬಿದ ಸಭೆಯಲ್ಲಿ ನನ್ನದೇ ಪಂಚೆ ಜಾರಿದಷ್ಟು ನಾಚಿಕೆಯಾಯಿತು. ಆದರೂ ಇನ್ನೊಂದು ಬಂದಾಗ ಮತ್ತೆ ಹೋದೆ. ಅದು ಚೆನ್ನಾಗಿತ್ತು. ಮೂರನೆಯದು ಇನ್ನೂ ಚೆನ್ನಾಗಿತ್ತು. ಎರಡು ಸಲ ನೋಡಿದೆ, ಎರಡು ಸಲವೂ ಬಾಯಿ ತೆರೆದುಕೊಂಡೇ ಕುಳಿತಿದ್ದೆನೆಂದು ಪಕ್ಕದವರು ಹೇಳಿದರು. ಆದರೆ ಪ್ರತಿ ಸಲ ಟೆಂಟಿನೊಳಗೆ ಕಾಲಿಡುವಾಗ ಒಂದೇ ಪ್ರಾರ್ಥನೆ ಮಾಡುತ್ತಿದ್ದೆ. ಯಾರನ್ನಾದರೂ ಕರೆತನ್ನಿ, ಗಗನರಾಯನನ್ನು ಮಾತ್ರ ತರಬೇಡಿ. ಅವನು ಹಗ್ಗದಲ್ಲಿ ನೇತಾಡುವುದನ್ನು ನೋಡುವ ಶಕ್ತಿ ನನಗಿರಲಿಲ್ಲ.

ಈಗ ಈರಣ್ಣನ ವಿಷಯಕ್ಕೆ ಬರಬೇಕು. ಹೊಸದುರ್ಗದ ದಾರಿಯಲ್ಲಿರುವ ಒಂದು ಹಟ್ಟಿಯ ಕುರುಬ, ನನಗಿಂತ ಹತ್ತು ವರ್ಷ ದೊಡ್ಡವನು. ತೋಳ ಬಂದಾಗ ಬರಿಯ ಕೋಲು ಹಿಡಿದು ಎದುರು ನಿಂತವನೆಂದು ಆ ಕಡೆಯಲ್ಲೆಲ್ಲ ಹೆಸರು. ನಾನು ಮೊದಲ ಸಲ ಅವನ ಹಟ್ಟಿಗೆ ಹೋದಾಗ ಅವನ ನಾಯಿ ನನ್ನನ್ನು ಒಂದು ಬಂಡಿಯ ಮೇಲೆ ಹತ್ತಿಸಿ ಕೆಳಗೆ ಕಾವಲು ಕುಳಿತಿತ್ತು. ಈರಣ್ಣ ಕುರಿ ಹೊಡೆದುಕೊಂಡು ಬರುವ ತನಕ ಇಳಿಯುವಂತಿರಲಿಲ್ಲ. ಬೇರೆ ದಾರಿಯಿಲ್ಲದೆ ರಿಜಿಸ್ಟರಿನಿಂದ ಕಾಮಿಕ್ಸ್ ತೆಗೆದು ಬಂಡಿಯ ಮೇಲೆಯೇ ಓದುತ್ತ ಕುಳಿತೆ. ಅವನು ಬಂದವನೇ ನಾಯಿಯನ್ನು ಗದರಿ, ನನ್ನ ಕೈಯಲ್ಲಿದ್ದ ಪುಸ್ತಕ ನೋಡಿ, ತಾನೂ ಬಂಡಿ ಹತ್ತಿ ಪಕ್ಕದಲ್ಲಿ ಕುಳಿತ. ಅಕ್ಷರ ಬಾರದ ಮನುಷ್ಯ. ಚಿತ್ರಗಳನ್ನು ಮಾತ್ರ ಕುರಿಯ ಬಾಯಿ ಬಿಡಿಸಿ ಹಲ್ಲು ನೋಡುವಷ್ಟು ಹತ್ತಿರದಿಂದ ನೋಡಿದ.

"ಇವ್ನು ಯಾರ ಮಂದೆಯವ್ನು ಸಾಹೇಬ್ರೆ?" ಎಂದು ಕೇಳಿದ.

ನನಗೆ ಅರ್ಥವಾಗಲಿಲ್ಲ. ಅವನು ಗಗನರಾಯನ ಎದೆಯ ಮೇಲಿನ ಹಳದಿ ವೃತ್ತದ ಮೇಲೆ ಬೆರಳಿಟ್ಟ. "ಗುರುತು ಐತಲ್ರಿ. ನಮ್ಮದು ಬೆನ್ನಿನ ಮ್ಯಾಲೆ ಎರಡು ಕೆಂಪು ಗೀಟು. ನಮ್ಮ ಚಿಕ್ಕಪ್ಪಂದು ಒಂದು ಕರೇ ಬೊಟ್ಟು. ಇವ್ನಿಗೆ ಹಳದಿ ಹಾಕೋರು ಯಾರು?"

ಹುಲ್ಲುಗಾವಲಿನಲ್ಲಿ ನಾಲ್ಕು ಮಂದೆ ಬೆರೆತರೂ ಯಾವ ಕುರಿ ಯಾರದೆಂದು ತಿಳಿಯಲಿ ಎಂದು ಇವರು ಕುರಿಗಳ ಮೇಲೆ ಬಣ್ಣದ ಗುರುತು ಹಾಕುತ್ತಾರೆ. ನನ್ನ ಗಗನರಾಯನನ್ನು ಈರಣ್ಣ ಯಾರದೋ ಗುರುತಿನ ಕುರಿ ಎಂದು ತಿಳಿದಿದ್ದ. ನಾನು ನಕ್ಕು, ಅದು ಅವನ ಶೌರ್ಯದ ಚಿಹ್ನೆ, ಅವನನ್ನು ಕಂಡರೆ ಕಳ್ಳರು ನಡುಗಲಿ ಎಂದು ಹಾಕಿಕೊಂಡಿದ್ದಾನೆ ಎಂದು ವಿವರಿಸಿದೆ. ಈರಣ್ಣ ಒಪ್ಪಲಿಲ್ಲ. "ಗುರುತು ತಾನಾಗೇ ಹಾಕ್ಕಳಾದಲ್ರಿ, ಯಾರಾನ ಹಾಕಾದು. ಇಷ್ಟು ದೂರ ಹೋಗ್ತಾನೆ, ತಪ್ಪಿಸ್ಕಂಡ್ರೆ ಸಿಕ್ಕಿದೋರು ತಂದು ಬಿಡ್ಲಿ ಅಂತ ಹಾಕಿರ್ತಾರೆ" ಎಂದ. ಇಪ್ಪತ್ತು ವರ್ಷ ಓದಿದ ನನಗೆ ಗಗನರಾಯ ದಾರಿ ತಪ್ಪಬಹುದು, ಅವನನ್ನು ಯಾರಾದರೂ ಹುಡುಕುತ್ತಿರಬಹುದು ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಅಂದಿನಿಂದ ನಾನು ಆ ಹಟ್ಟಿಗೆ ಹೋದಾಗಲೆಲ್ಲ ಈರಣ್ಣ ನಾಯಿ ಹಿಡಿದುಕೊಳ್ಳುವುದು, ಸೂಜಿ ಮುಗಿದ ಮೇಲೆ ನಾನು ಒಂದು ಕತೆ ಓದಿ ಹೇಳುವುದು ಎಂದು ನಮ್ಮಿಬ್ಬರಲ್ಲಿ ಒಪ್ಪಂದವಾಯಿತು. ಹದಿನೆಂಟನೆಯ ಪುಟದ ಹತ್ತಿರ ನನ್ನ ದನಿ ನಡುಗುವುದನ್ನು ಅವನು ಗಮನಿಸಿದ್ದ, ಆದರೆ ಆಡಿ ತೋರಿಸಲಿಲ್ಲ.

ಒಂದು ದಿನ ಅವನದೇ ಟಗರನ್ನು ಅಮುಕಿ ಹಿಡಿಯುವಾಗ ನನ್ನ ಹೊಟ್ಟೆಯ ಕೆಳಗೆ ಏನೋ ಹರಿದಂತಾಯಿತು. ನಾಲ್ಕು ದಿನಕ್ಕೆ ಅಲ್ಲೊಂದು ನಿಂಬೆಕಾಯಿ ಗಾತ್ರದ ಗಂಟು ಕಂಡಿತು. ಕೆಮ್ಮಿದರೆ ಹೊರಗೆ ಬರುತ್ತದೆ, ಮಲಗಿದರೆ ಒಳಗೆ ಹೋಗುತ್ತದೆ. ದುರ್ಗದ ಆಸ್ಪತ್ರೆಯ ಡಾಕ್ಟರು ಬೆರಳಿನಿಂದ ಒತ್ತಿ ನೋಡಿ ಹರ್ನಿಯಾ ಎಂದರು. ಕೊಯ್ದು ಹೊಲಿಯಬೇಕು ಎಂದರು. ನಾನು ಸಾವಿರಾರು ಜೀವಗಳಿಗೆ ಸೂಜಿ ಚುಚ್ಚಿದವನು, ಕೊಯ್ಯುವುದು ಎಂಬ ಮಾತು ಕೇಳಿ ಅವರ ಮೇಜಿನ ತುದಿ ಹಿಡಿದುಕೊಂಡೆ. ಒಂದು ದಿನ ಗೊತ್ತುಮಾಡಿದರು. ಕುರಿಗಳಿಗೆ ಲಸಿಕೆ ಹಾಕುವ ಕೆಲಸವಿದೆ ಎಂದು ತಪ್ಪಿಸಿಕೊಂಡೆ. ಇನ್ನೊಂದು ದಿನ ಕೊಟ್ಟರು. ಅಮಾವಾಸ್ಯೆ ಹತ್ತಿರ ಎಂದು ಹೇಳಿಕಳಿಸಿದೆ. ಮೂರನೆಯ ಸಲ ಅವರು ಕನ್ನಡಕದ ಮೇಲಿಂದ ನೋಡಿ ಹೇಳಿದರು: "ನೋಡಿ, ನೀವಾಗಿ ನಡ್ಕೊಂಡು ಬಂದ್ರೆ ಸಣ್ಣ ಕೆಲ್ಸ. ಕರುಳು ಅಲ್ಲಿ ಸಿಕ್ಕಿಹಾಕ್ಕೊಂಡ ದಿನ ನಾಲ್ಕು ಜನ ಹೊತ್ಕೊಂಡು ಬಂದ್ರೆ ನಾನೇನೂ ಮಾತು ಕೊಡಕ್ಕಾಗಲ್ಲ. ಸೋಮವಾರ ಎಂಟು ಗಂಟೆಗೆ ಬನ್ನಿ."

ನನ್ನ ಹೆಂಡತಿ ಚೊಚ್ಚಲ ಹೆರಿಗೆಗೆಂದು ಹಿರಿಯೂರಿನ ತವರಿಗೆ ಹೋಗಿದ್ದಳು. ಎಂಟು ತಿಂಗಳು ತುಂಬಿತ್ತು. ಅವಳಿಗೆ ನಾನು ಏನೂ ಹೇಳಿರಲಿಲ್ಲ. ಅವಳು ಗಾಬರಿಯಾಗುತ್ತಾಳೆ ಎಂದು ಹೇಳಲಿಲ್ಲ ಎಂದುಕೊಂಡಿದ್ದೆ. ನಿಜ ಬೇರೆ. ಹೇಳಿದರೆ ಅವಳು ಮೊದಲು ಆಸ್ಪತ್ರೆಗೆ ಹೋಗಿ ಎನ್ನುತ್ತಿದ್ದಳು. ನನ್ನ ಭಯ ಸಾವಿನದು ಎಂದು ನೇರವಾಗಿ ಹೇಳಿಬಿಡುತ್ತೇನೆ, ನಿಮ್ಮ ಹತ್ತಿರ ಮುಚ್ಚಿಡುವುದೇನು. ಮೂಗಿಗೆ ಔಷಧಿ ಹಿಡಿದು ನಿದ್ದೆ ಬರಿಸುತ್ತಾರಂತೆ. ಆ ನಿದ್ದೆಯಿಂದ ಏಳದಿದ್ದರೆ? ಮಗುವಿನ ಮುಖ ನೋಡದೆ ಹೋಗಿಬಿಟ್ಟರೆ? ಸ್ನಾನ ಮಾಡುವಾಗ, ಬಸ್ಸಿನಲ್ಲಿ ಕುಳಿತಿರುವಾಗ, ಕುರಿಯ ಕಿವಿ ಹಿಡಿದಿರುವಾಗ ಈ ಯೋಚನೆ ಬರುತ್ತಿತ್ತು. ಗಂಟು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಹೋದರೂ ಭಯ, ಬಿಟ್ಟರೂ ಭಯ.

ತುರ್ತು ಪರಿಸ್ಥಿತಿ ಮುಗಿದ ಮರುವರ್ಷದ ಚಳಿಗಾಲ ಅದು. ಡಾಕ್ಟರ ಹತ್ತಿರದಿಂದ ಹೊರಗೆ ಬಂದು ಬಸ್ ನಿಲ್ದಾಣದ ಕಡೆ ನಡೆಯುತ್ತಿದ್ದೆ. ಗೋಡೆಯ ಮೇಲೆ ಪೋಸ್ಟರು. ಕೆಂಪು ಮೇಲಂಗಿ, ಹಳದಿ ವೃತ್ತ, ಅಡ್ಡಗೀಟು. ಭಾನುವಾರ ಬೆಳಗಿನ ಆಟ, ಒಂದೇ ದಿನ. ದುರ್ಗದಲ್ಲಿ ಇಂಗ್ಲಿಷ್ ಸಿನಿಮಾ ಬರುವುದೇ ಹಾಗೆ, ಭಾನುವಾರ ಒಂದು ಬೆಳಗ್ಗೆ ಬಂದು ಸಂಜೆಗೆ ದಾವಣಗೆರೆಯ ಬಸ್ಸು ಹತ್ತುತ್ತದೆ. ಯಾವನು ಬರಬಾರದೆಂದು ಇಷ್ಟು ವರ್ಷ ಬೇಡಿದ್ದೆನೋ ಅವನು ಸೋಮವಾರದ ಹಿಂದಿನ ದಿನವೇ ಬಂದಿದ್ದ.

ಆಗ ನನ್ನ ತಲೆಗೆ ಒಂದು ಯೋಚನೆ ಬಂತು. ವಿದ್ಯಾವಂತರು ಹೀಗೆಲ್ಲ ಯೋಚಿಸುತ್ತಾರಾ ಎಂದು ಕೇಳಬೇಡಿ, ಹೆದರಿದವರು ಯೋಚಿಸುತ್ತಾರೆ. ನಮ್ಮ ಕಡೆ ಏನಾದರೂ ದೊಡ್ಡ ಕೆಲಸಕ್ಕೆ ಕೈಹಾಕುವ ಮುನ್ನ ದೇವರಿಗೆ ಹೂ ಏರಿಸಿ ಕೂರುತ್ತಾರೆ. ಬಲಗಡೆ ಹೂ ಬಿದ್ದರೆ ಆಗಲಿ ಎಂದು, ಎಡಗಡೆ ಬಿದ್ದರೆ ಬೇಡ ಎಂದು. ನಾನು ದೇವರ ಮುಂದೆ ಕೂರಲು ಹೆದರಿದೆ. ಬಲಗಡೆ ಬಿದ್ದುಬಿಟ್ಟರೆ ದೇವರ ಜೊತೆ ವಾದ ಮಾಡುವಂತಿಲ್ಲ. ಸಿನಿಮಾದ ಜೊತೆ ಮಾಡಬಹುದು. ಆದ್ದರಿಂದ ಹೀಗೆ ಗೊತ್ತುಮಾಡಿದೆ: ಗಗನರಾಯ ಹಗ್ಗ ಕಾಣದಂತೆ ಹಾರಿ, ಕೊನೆಯವರೆಗೂ ಹಗ್ಗ ಕಾಣದಂತೆಯೇ ಇಳಿದರೆ ಸೋಮವಾರ ಎಂಟು ಗಂಟೆಗೆ ಆಸ್ಪತ್ರೆ. ಎಲ್ಲಿಯಾದರೂ ಹಗ್ಗ ಕಂಡರೆ ಹೊಳಲ್ಕೆರೆಯ ಬಸ್ಸು. ಒಂದು ಹರ್ನಿಯಾದ ತೀರ್ಪನ್ನು ಹೀಗೆ ಒಬ್ಬ ಗಡಿಯಾರ ರಿಪೇರಿಯವನ ಕೈಗೆ ಒಪ್ಪಿಸಿ, ಅಷ್ಟು ದಿನದ ಮೇಲೆ ಮೊದಲ ಸಲ ಹೊಟ್ಟೆ ತುಂಬ ಊಟ ಮಾಡಿದೆ.

ಒಬ್ಬನೇ ಹೋಗುವ ಧೈರ್ಯವಿರಲಿಲ್ಲ. ಈರಣ್ಣ ಆ ವಾರ ದುರ್ಗದ ಪಕ್ಕದ ಮದಕರಿಪುರದ ಅಕ್ಕನ ಮನೆಗೆ ಬರುವವನಿದ್ದ. ಸೋಮವಾರದ ವಿಷಯ ಅವನಿಗೆ ಗೊತ್ತಿತ್ತು, ಟಗರು ಅವನದಲ್ಲವೇ. ಆಸ್ಪತ್ರೆಯಲ್ಲಿ ಜೊತೆಗೆ ಇರುತ್ತೇನೆ, ಮಂದೆಯನ್ನು ತಮ್ಮ ನೋಡಿಕೊಳ್ಳುತ್ತಾನೆ ಎಂದು ತಾನಾಗಿ ಹೇಳಿದ್ದ. ಭಾನುವಾರ ಬೆಳಗ್ಗೆ ಗಗನರಾಯನನ್ನು ನೋಡಿ ಬರೋಣ ಎಂದಾಗ ಅವನು ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡ. "ನಡೀರಿ ಹೋಗಾಣ. ಯಾರ ಮಂದೆಯವ್ನು ಅನ್ನಾದು ಅಲ್ಲಾದ್ರೂ ಗೊತ್ತಾಗ್ತೈತೇನೋ" ಎಂದ. ನನ್ನ ಹಗ್ಗದ ಪಣದ ವಿಷಯ ಅವನಿಗೆ ಹೇಳಲಿಲ್ಲ.

ದೀಪ ಆರಿತು. ಗಡಿಯಾರದ ಗೋಪುರ ಕಂಡಿತು. ಕೂಗು ಕೇಳಿಸಿತು. ಅವನು ಕನ್ನಡಕ ತೆಗೆದಿಟ್ಟ. ಕೆಂಪು ಮೇಲಂಗಿ ಹೊದ್ದು ಗೋಪುರದ ಅಂಚಿಗೆ ಬಂದು ನಿಂತ. ನಾನು ಕುರ್ಚಿಯ ಅಂಚಿಗೆ ಬಂದೆ. ನೆಗೆದ.

ಹಗ್ಗ ಇರಲಿಲ್ಲ. ಅವನ ಸೊಂಟ ನೋಡಿದೆ, ಹೆಗಲು ನೋಡಿದೆ, ಮೇಲಂಗಿಯ ಹಿಂದೆ ನೋಡಿದೆ, ಎಲ್ಲಿಯೂ ಇರಲಿಲ್ಲ. ಅವನು ನಿಜವಾಗಿ ಹಾರುತ್ತಿದ್ದ. ನನಗೆ ಎಷ್ಟು ಸಂತೋಷವಾಯಿತೆಂದರೆ ನಗು ಬಂತು, ನಗುವಾಗ ಕಣ್ಣಲ್ಲಿ ನೀರು ಬಂತು. ಹತ್ತು ವರ್ಷದ ಹುಡುಗನಾಗಿ ಹೊರಕೋಣೆಯಲ್ಲಿ ಚಿತ್ರ ನೋಡುತ್ತ ನಾನು ಕಲ್ಪಿಸಿಕೊಂಡಿದ್ದ ಗಾಳಿಯೇ ಅಲ್ಲಿ ಬೀಸುತ್ತಿತ್ತು. ಮೋಡಗಳು ಪಕ್ಕಕ್ಕೆ ಸರಿದವು, ದೊಡ್ಡ ಊರು ಕಾಲ ಕೆಳಗೆ ರಾಗಿಕಾಳು ಚೆಲ್ಲಿದ ಹಾಗೆ ಸಣ್ಣದಾಯಿತು. ಅಷ್ಟರಲ್ಲಿ ನನ್ನ ಮೊಣಕಾಲನ್ನು ಯಾರೋ ಕಚ್ಚಿದಂತಾಯಿತು. ನೋಡಿದರೆ ಈರಣ್ಣನ ಕೈ.

"ಸಾಹೇಬ್ರೆ, ಬೀಳ್ತೀನಿ" ಎಂದ. ದನಿ ಅವನದಲ್ಲ. "ನನ್ನ ಹಿಡ್ಕಳ್ರಿ. ಕಾಲಡಿಗೆ ಏನೂ ಇಲ್ಲ."

ತೋಳದ ಎದುರು ನಿಂತ ಮನುಷ್ಯ ಕುರ್ಚಿಯಲ್ಲಿ ಕುಳಿತು ನಡುಗುತ್ತಿದ್ದ. ಅವನು ಹುಟ್ಟಿದಂದಿನಿಂದ ನೆಲದ ಮೇಲೆ ನಡೆದವನು. ಸಿನಿಮಾವನ್ನೇ ಅಪರೂಪಕ್ಕೆ ನೋಡಿದವನು, ಭೂಮಿಯನ್ನು ಅಷ್ಟು ಮೇಲಿನಿಂದ ಎಂದೂ ನೋಡಿರಲಿಲ್ಲ. ಹೊರಗೆ ಹೋಗಾಣ ನಡಿ ಎಂದರೆ ಏಳಲು ಕಾಲು ಬರುವುದಿಲ್ಲ ಎಂದ. ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡು ಮುಖ ಪೂರ್ತಿ ಮುಚ್ಚಿಕೊಂಡ. ಒಳಗಿನಿಂದ ಕೇಳಿದ, "ಇಳಿದ್ನಾ?"

"ಇಳೀತಾ ಅವ್ನೆ" ಎಂದೆ.

ಹೀಗೆ ಗಗನರಾಯನ ಕತೆಯನ್ನು ನಾನು ಕಂಬಳಿಯೊಳಕ್ಕೆ ಹೇಳತೊಡಗಿದೆ. ಒಂದು ಕಣ್ಣು ಪರದೆಯ ಮೇಲೆ, ಒಂದು ಕಣ್ಣು ಕಂಬಳಿಯ ಮೇಲೆ. ಸೇತುವೆ ಮುರಿದದ್ದು, ಅವನು ಹಿಡಿದುಕೊಂಡದ್ದು, ಬೆಂಕಿ ಆರಿಸಿದ್ದು ಎಲ್ಲವನ್ನೂ ಹೇಳಿದೆ. ಎತ್ತರದ ವಿಷಯ ಬಂದಾಗ ಸ್ವಲ್ಪ ಕಡಿಮೆ ಮಾಡಿ ಹೇಳಿದೆ. ಈರಣ್ಣನ ಉಸಿರು ಸಮವಾಗುತ್ತ ಬಂತು. ಆಮೇಲೆ ಬಂತು ನನ್ನ ಹದಿನೆಂಟನೆಯ ಪುಟ. ಖಳನ ಕೈಯಲ್ಲಿದ್ದ ಯಂತ್ರದಿಂದ ಏನೋ ಬೆಳಕು ಹೊರಟಿತು, ಮೋಡಗಳ ಮೇಲಿದ್ದ ಗಗನರಾಯನ ಬಲವೆಲ್ಲ ಹೋಯಿತು, ಮೇಲಂಗಿ ಮುದುಡಿತು, ಅವನು ತಲೆಕೆಳಗಾಗಿ ಬೀಳತೊಡಗಿದ. ಇಡೀ ಥಿಯೇಟರು ಮೌನವಾಯಿತು.

"ಯಾಕ್ರಿ ಎಲ್ಲಾ ಸುಮ್ನಾದ್ರು?" ಎಂದಿತು ಕಂಬಳಿ.

ನನ್ನ ಬಾಯಿಂದ ಬಂದ ಮಾತು ಹೀಗಿತ್ತು: "ಏನಿಲ್ಲ ಈರಣ್ಣ. ಮೋಡದ ಮ್ಯಾಲೆ ಕುಂತವ್ನೆ. ಸುಸ್ತಾಗೈತಂತೆ."

"ಮೋಡದ ಮ್ಯಾಲೆ ಕುಂದ್ರಾಕಾಗ್ತೈತಾ?"

"ಅವ್ನಿಗಾಗ್ತೈತೆ."

ಪರದೆಯ ಮೇಲೆ ಒಬ್ಬ ಹೆಂಗಸು ಕಿಟಾರನೆ ಕಿರುಚಿದಳು. "ಆ ಹೆಣ್ಮಗಳು ಯಾಕೆ ಕೂಗಿದ್ಲು?" ಎಂದು ಕಂಬಳಿ ಕೇಳಿತು.

"ಊಟಕ್ಕೆ ಕರೀತಾ ಅವ್ಳೆ."

ಅವನ ಕೈ ಇನ್ನೂ ನನ್ನ ಮೊಣಕಾಲಿನ ಮೇಲಿತ್ತು, ಬೆರಳುಗಳು ಬಿಗಿಯಾಗುತ್ತಿದ್ದವು. ನಾನು ಪೂರ್ತಿ ಅವನ ಕಡೆಗೆ ತಿರುಗಿ ಕುಳಿತೆ. ಊಟಕ್ಕೆ ಏನು ಮಾಡಿದ್ದಾಳೆ ಎಂದು ಹೇಳಿದೆ. ಮುದ್ದೆ, ಉಪ್ಪೆಸರು. ಗಗನರಾಯ ಎರಡನೆಯ ಮುದ್ದೆಗೆ ಕೈಹಾಕಿದ್ದಾನೆ ಎಂದೆ. ಆ ಪರದೇಶದ ಊರಿನಲ್ಲಿ ರಾಗಿ ಎಲ್ಲಿ ಸಿಕ್ಕಿತು ಎಂದು ಈರಣ್ಣ ಕೇಳಲಿಲ್ಲ. ಹೇಳುತ್ತಾ ಹೋದಂತೆ ನನ್ನ ದನಿ ಗಟ್ಟಿಯಾಗುತ್ತಿದೆ ಎಂದು ನನಗೇ ಅನ್ನಿಸಿತು. ಅಷ್ಟರಲ್ಲಿ ಥಿಯೇಟರು ಸಿಡಿದಂತೆ ಚಪ್ಪಾಳೆ ಬಿತ್ತು. ಗಾಬರಿಯಿಂದ ಪರದೆಯ ಕಡೆ ತಿರುಗಿದೆ. ಗಗನರಾಯ ನೆಲದ ಮೇಲೆ ನಿಂತು ಮೇಲಂಗಿಯ ಧೂಳು ಕೊಡವುತ್ತಿದ್ದ. ಸಿನಿಮಾ ಮುಗಿಯಿತು.

ಅವನು ಹೇಗೆ ಇಳಿದನೆಂದು ನಾನು ನೋಡಲೇ ಇಲ್ಲ. ಬಲ ಮತ್ತೆ ಬಂತೋ, ಯಾರಾದರೂ ಹಿಡಿದರೋ, ಹಗ್ಗ ಕಂಡಿತೋ, ನನಗೆ ಗೊತ್ತಿಲ್ಲ. ಯಾವ ಹೂವಿಗಾಗಿ ಕಾಯುತ್ತ ಬಂದಿದ್ದೆನೋ ಅದು ಬೀಳುವ ಹೊತ್ತಿಗೆ ನಾನು ಕಂಬಳಿಗೆ ಉಪ್ಪೆಸರು ಬಡಿಸುತ್ತಿದ್ದೆ. ಎದುರಿನ ಸಾಲಿನಲ್ಲಿ ಸಿರಿಗೆರೆಯಿಂದ ಬಂದ ಕಾಲೇಜು ಹುಡುಗರು ಕುಳಿತಿದ್ದರು. ಕೊನೆಯಲ್ಲಿ ಏನಾಯಿತು ಎಂದು ಒಬ್ಬನನ್ನು ಕೇಳಿದೆ. "ನಮಗೂ ನೋಡಾಕೆ ಎಲ್ಲಿ ಬಿಟ್ರಿ? ಹಿಂದೆ ಕುಂತ್ಕಂಡು ಬರೀ ಮಾತು" ಎಂದು ಹೇಳಿ ಅವನು ಹೊರಟುಹೋದ.

ಹೊರಗೆ ಚಹದ ಅಂಗಡಿಯ ಬೆಂಚಿನ ಮೇಲೆ ಕುಳಿತೆವು. ಈರಣ್ಣ ಕಾಲನ್ನು ನೆಲಕ್ಕೆ ಗಟ್ಟಿಯಾಗಿ ಊರಿ, ನೆಲ ಇದೆ ಎಂದು ಖಾತ್ರಿ ಮಾಡಿಕೊಂಡು ಚಹ ಕುಡಿದ. ನಾನು ಒಳಗೇ ತೀರ್ಪು ಇಲ್ಲದ ವ್ಯಾಜ್ಯ ನಡೆಸುತ್ತಿದ್ದೆ. ಆಗ ಅವನು ಲೋಟ ಕೆಳಗಿಟ್ಟು, "ಸಾಹೇಬ್ರೆ, ಅವ್ನು ಬಿದ್ದ ಅಲ್ವಾ?" ಎಂದ.

ನಾನು ಚಹಕ್ಕೆ ಊದಿದೆ.

"ಕಂಬಳಿ ಹಳೇದು. ತೂತು ಅವೆ" ಎಂದ. "ಬೀಳಾದು ಕಂಡ್ತು. ಎದೆ ಝಲ್ ಅಂತು. ನೀವು ನೋಡಿದ್ರೆ ಊಟಕ್ಕೆ ಕುಂತವ್ನೆ ಅಂತ ಹೇಳ್ತಾ ಇದ್ರಿ."

"ಸುಳ್ಳು ಅಂತ ಗೊತ್ತಿದ್ರೂ ಮತ್ತೆ ಯಾಕೆ ಏನು ಎತ್ತ ಅಂತ ಕೇಳ್ತಾ ಇದ್ದೆ?"

ಈರಣ್ಣ ಕಂಬಳಿಯ ಒಂದು ತೂತಿಗೆ ಬೆರಳು ತೂರಿಸಿದ. "ನೀವು ಹೇಳಾದು ನಿಂತ್ರೆ ಬಿದ್ದೇಬಿಡ್ತಾನೆ ಅನ್ನಿಸ್ತು ಕಣ್ರಿ."

"ಆಮೇಲೆ ಹೆಂಗೆ ಎದ್ದ? ಅದು ಕಂಡ್ತಾ?"

"ಇಲ್ಲ. ಕಣ್ಣು ಮುಚ್ಕಂಡೆ."

ಹೀಗೆ ಆ ಸಿನಿಮಾಕ್ಕೆ ಹೋದ ನಾವಿಬ್ಬರೂ ಅದರ ಕೊನೆಯನ್ನು ಇವತ್ತಿನವರೆಗೂ ನೋಡಿಲ್ಲ. ಹೊಳಲ್ಕೆರೆಯ ಬಸ್ಸು ಬಂದು ನಿಂತಿತು. ಕಂಡಕ್ಟರು ಊರಿನ ಹೆಸರು ಕೂಗುತ್ತಿದ್ದ. ಹತ್ತಿದರೆ ಮುಗಿಯಿತು, ನನ್ನನ್ನು ಕೇಳುವವರಿಲ್ಲ. ಹಗ್ಗ ಕಾಣಲಿಲ್ಲ ಎಂದುಕೊಳ್ಳಬಹುದು, ಕಂಡಿತು ಎಂದೂ ಅಂದುಕೊಳ್ಳಬಹುದು, ಎರಡಕ್ಕೂ ಸಾಕ್ಷಿ ಇಲ್ಲ. ಬೇರೆ ಯಾರಾದರೂ ತೀರ್ಮಾನ ಮಾಡಿಕೊಡುತ್ತಾರೆಂದು ನಂಬಿ ಬಂದವನಿಗೆ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ. ಈರಣ್ಣ ಹೆದರಬೇಡಿ ಎಂದು ಹೇಳಲಿಲ್ಲ, ಹೇಳಿದ್ದರೆ ಬಹುಶಃ ಹತ್ತಿಬಿಡುತ್ತಿದ್ದೆ. ಅವನು ಎದ್ದು ಕಂಬಳಿ ಮಡಿಸಿ ಹೆಗಲಿಗೆ ಹಾಕಿಕೊಂಡು, "ನಾಳಿಕ್ಕೆ ಎಷ್ಟೊತ್ತಿಗೆ ಅಂದ್ರಿ?" ಎಂದು ಕೇಳಿದ.

"ಎಂಟಕ್ಕೆ" ಎಂದೆ. ಬಸ್ಸು ಹೋಯಿತು.

ರಾತ್ರಿ ಅವನ ಅಕ್ಕನ ಮನೆಯಲ್ಲಿ ಮಲಗಿ, ಸೋಮವಾರ ಬೆಳಗ್ಗೆ ಮದಕರಿಪುರದಿಂದ ನಡೆದೇ ಬಂದೆವು. ಆಸ್ಪತ್ರೆಯಲ್ಲಿ ಕಾಗದ ಬರೆದುಕೊಳ್ಳುವವರು ಜೊತೆಗೆ ಯಾರಿದ್ದಾರೆ ಎಂದು ಕೇಳಿದರು. ನಾನು ಎಂದ ಈರಣ್ಣ. ರೋಗಿಗೆ ಏನು ಸಂಬಂಧ ಎಂದರು. ಅವನು ನನ್ನ ಮುಖ ನೋಡಿ, "ಕುರಿ ಸಂಬಂಧ" ಎಂದ. ಅವರು ಒಂದು ಗಳಿಗೆ ಪೆನ್ನು ಎತ್ತಿ ಹಿಡಿದಿದ್ದು, ಸ್ನೇಹಿತ ಎಂದು ಬರೆದುಕೊಂಡರು.

ಬೆನ್ನ ಹಿಂದೆ ಲಾಡಿ ಕಟ್ಟುವ ಹಸಿರು ಅಂಗಿ ತೊಡಿಸಿ ನನ್ನನ್ನು ಆಪರೇಷನ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ಮುಂದೆ ಉದ್ದನೆಯ ಜಗುಲಿ, ಜಗುಲಿಯ ತುದಿಯಲ್ಲಿ ನೀರಿನ ಹಂಡೆ, ಅದರಾಚೆ ಗೇಟು. ಒಳಗಿನಿಂದ ತಟ್ಟೆಗಳನ್ನು ಜೋಡಿಸುವ ಸದ್ದು ಬರುತ್ತಿತ್ತು.

ನಾನು ಹೆದರಿದ್ದೆ. ಆ ಬೆಳಗ್ಗೆ ಹೆದರಿದಷ್ಟು ಎಂದೂ ಹೆದರಿಲ್ಲ. ಕಾಮಿಕ್ಸ್ ಇದ್ದ ರಿಜಿಸ್ಟರು ಅಂಗಿ ಬದಲಿಸಿದ ಕೋಣೆಯಲ್ಲಿ ಉಳಿದಿತ್ತು, ಯಾರ ಸಲುವಾಗಿಯೂ ಹೆದರುವ ಅವಕಾಶವಿರಲಿಲ್ಲ, ಇದ್ದದ್ದೆಲ್ಲ ನನ್ನದೇ ಭಯ. ಹಿರಿಯೂರಿಗೆ ಒಂದು ಕಾಗದ ಬರೆದಿಡಬೇಕಿತ್ತು ಎನ್ನಿಸಿತು. ಮಗು ಹೆಣ್ಣಾದರೆ ಯಾವ ಹೆಸರು ಎಂದು ನಾವು ಇನ್ನೂ ಮಾತಾಡಿಯೇ ಇರಲಿಲ್ಲ. ಹಲ್ಲು ಕಟಕಟ ಎನ್ನುತ್ತಿತ್ತು. ಈರಣ್ಣ ನನ್ನನ್ನು ನೋಡಿದ. ಎದ್ದು ಜಗುಲಿಯ ತುದಿಗೆ ಹೋಗಿ ಹಂಡೆಯ ಪಕ್ಕ ನಿಂತ. ಒಂದು ಲೋಟ ನೀರು ಕುಡಿದ. ಗೋಡೆಯನ್ನು ನೋಡುತ್ತ ಬಹಳ ಹೊತ್ತು ಹಾಗೇ ನಿಂತಿದ್ದ. ಅವನ ಹತ್ತಿರ ಯಾರೂ ಸುಳಿಯಲಿಲ್ಲ. ಆಮೇಲೆ ಚುರುಕಾಗಿ ನಡೆದುಬಂದು ನನ್ನ ಪಕ್ಕದಲ್ಲಿ ಕುಳಿತ.

"ಡಾಕ್ಟ್ರು ಸಿಕ್ಕಿದ್ರು ಸಾಹೇಬ್ರೆ" ಎಂದ. "ನಾನೇ ಕೇಳ್ದೆ. ಇದು ಏನೇನೂ ಅಲ್ವಂತೆ. ನೀವು ಕುರಿಗೆ ಸೂಜಿ ಹಾಕ್ತೀರಲ್ಲ, ಅಷ್ಟೇ ಅಂತೆ."

ಅಷ್ಟರಲ್ಲಿ ಗೇಟಿನೊಳಗೆ ಒಂದು ಸ್ಕೂಟರು ಬಂದು ನಿಂತಿತು. ಡಾಕ್ಟರು ಅದರಿಂದ ಇಳಿದು, ಸ್ಟ್ಯಾಂಡ್ ಹಾಕಿ, ಆ ದಿನದ ಮೊದಲ ಹೆಜ್ಜೆಯನ್ನು ಆಸ್ಪತ್ರೆಯೊಳಗೆ ಇಟ್ಟರು. ಈರಣ್ಣ ಅವರನ್ನು ನೋಡಿದ. ನಾನೂ ನೋಡಿದೆ. ಅವರು ನಮ್ಮ ಮುಂದೆಯೇ ಹಾದು ಕೋಣೆಯೊಳಗೆ ಹೋದರು. ಬಾಗಿಲು ತೆರೆದು ಒಬ್ಬರು ನನ್ನ ಹೆಸರು ಕರೆದರು.

ನಾನು ಎದ್ದು ನಿಂತು ಈರಣ್ಣನ ಕೈ ಹಿಡಿದುಕೊಂಡೆ.

"ಇನ್ನೇನಂದ್ರು?" ಎಂದು ಕೇಳಿದೆ.